ಹದಿನಾಲ್ಕು ಕಿಲೋ

ಜೂನ್ ೮, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಭಾವನವರಿಗೂ ತಿಳಿಸು. ಅವರ ಸೊಂಟದ ಮೂಳೆ ಕೂಡಿಕೊಂಡಿದೆ, ಈಗ ಒಂದು ಕೋಲು ಹಿಡಿದು ಬಾಗಿಲವರೆಗೆ ಬಂದು ಪೇಪರು ತಾವೇ ತಗೊಳ್ಳುತ್ತಾರೆ ಎಂದು ನಿನ್ನ ಮಗಳು ಫೋನಿನಲ್ಲಿ ಹೇಳಿದಳು. ಕೇಳಿ ಜೀವಕ್ಕೆ ಹಾಯೆನಿಸಿತು.

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ನನಗೆ ಯಾವ ನೆಪವೂ ಇಲ್ಲ. ಫೋನಿನಲ್ಲಿ ಮಾತಾಡುತ್ತೇವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ 'ಪ್ರೀತಿಯ ಅಕ್ಕನಿಗೆ' ಎಂಬಲ್ಲಿಗೆ ಪೆನ್ನು ನಿಂತಿತು. ಇವತ್ತು ಡ್ಯೂಟಿಯಿಲ್ಲ. ಹೆಂಡತಿ ಅವಳ ತಂಗಿಯ ಮನೆಗೆ ಹೋಗಿದ್ದಾಳೆ. ಏನಾದರಾಗಲಿ, ಮುಗಿಸದೆ ಏಳುವುದಿಲ್ಲ ಎಂದು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ನೀನು ಕೇಳಿದ್ದೆ: 'ಎರಡು ಮೆಟ್ಟಿಲು ಹತ್ತಿದರೆ ಕಮ್ಮಾರನ ತಿದಿಯ ಹಾಗೆ ಉಸಿರು ಬಿಡುತ್ತಿದ್ದ ನೀನು ಹದಿನಾಲ್ಕು ಕಿಲೋ ಹೇಗೆ ಇಳಿಸಿದೆಯೋ, ಒಂದೂ ಬಿಡದೆ ಬರೆ. ನನಗೂ ಡಾಕ್ಟರು ನಡೀರಿ ನಡೀರಿ ಅಂತ ಪ್ರಾಣ ತಿನ್ನುತ್ತಿದ್ದಾರೆ.' ಸರಿ, ಬರೆಯುತ್ತೇನೆ. ಇಪ್ಪತ್ತಾರು ವರ್ಷ ಕೂತಲ್ಲೇ ಊರು ಸುತ್ತಿದ ಬಸ್ ಡ್ರೈವರ್ ನಾನು. ನಡಿಗೆಯ ಬಗ್ಗೆ ಪಾಠ ಹೇಳುವ ಕಾಲ ನನಗೂ ಬಂತಲ್ಲ, ನಗಬೇಡ.

ನನ್ನ ಹೊಟ್ಟೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೀನು ಪೂರ್ತಿ ನೋಡಿಲ್ಲ. ಬಸ್ಸಿನ ಸೀಟು ಹಿಂದಕ್ಕೆ ಸರಿಸಿದರೆ ಕಾಲು ಕ್ಲಚ್ಚಿಗೆ ಎಟುಕದು. ಮುಂದಕ್ಕೆ ಎಳೆದುಕೊಂಡರೆ ತಿರುವಿನಲ್ಲಿ ಹೊಟ್ಟೆ ಒತ್ತಿ ಹಾರ್ನ್ ತಾನಾಗಿ ಕೂಗುವುದು. "ಅಣ್ಣಾ, ಹೊಟ್ಟೇಲಿ ಹಾರ್ನ್ ಹೊಡೆಯೋ ಡ್ರೈವರ್ ಇಡೀ ಡಿಪೋದಲ್ಲಿ ನೀವೊಬ್ರೇ," ಎನ್ನುತ್ತಿದ್ದ ನನ್ನ ಕಂಡಕ್ಟರ್. ನಾನೂ ನಗುತ್ತಿದ್ದೆ. ಚಿಕ್ಕಂದಿನಿಂದ ಡ್ರಮ್ಮು ಅನ್ನಿಸಿಕೊಂಡವನಿಗೆ ಅದೇನು ಹೊಸ ಮಾತೇ? ಆ ಹೆಸರು ಇಟ್ಟವಳೂ ನೀನೇ. ಚಿಕ್ಕವನಿಗೆ ಕಡ್ಡಿ ಎಂದು ಹೆಸರಿಟ್ಟವಳೂ ನೀನೇ. ಅವನು ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ನಾನು ತಿಂದು ತಿಂದೇ ಅವನು ಕಡ್ಡಿ, ನಾನು ಡ್ರಮ್ಮು ಆದೆವು ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಜನವರಿಯಲ್ಲಿ ಆ ಕಡ್ಡಿಯ ಎರಡು ಕಿಡ್ನಿಗಳೂ ಕೈಕೊಟ್ಟಾಗ ನೀನು ಇಲ್ಲೇ ಇದ್ದೆ. "ನಂದು ತಗೊಳ್ಳಿ" ಎಂದು ಎಲ್ಲರಿಗಿಂತ ಮೊದಲು ತೋಳು ಮುಂದೆ ಚಾಚಿದವಳು ನೀನು. ಸಕ್ಕರೆ ಕಾಯಿಲೆ ಇರುವವರದ್ದು ಆಗುವುದಿಲ್ಲ ಎಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಅತ್ತೆ! ಆಮೇಲೆ ನನ್ನ ಸರದಿ. ರಕ್ತ ಹೊಂದಿತು, ಮಿಕ್ಕ ಪರೀಕ್ಷೆಗಳೂ ಹೊಂದಿದವು. ನೀನು ಅದೇ ಸಂಜೆಯ ರೈಲಿಗೆ ನೆಮ್ಮದಿಯಿಂದ ಹೊರಟೆ. ಮಾರನೆಯ ದಿನ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು. ಬಿಪಿಯೂ ಏರಿತ್ತು.

"ಹೀಗಿದ್ರೆ ನಿಮ್ಮ ಮೇಲೆ ಕತ್ತರಿ ಆಡಿಸೋಕೆ ಆಗಲ್ಲ. ಇರೋ ಒಂದು ಕಿಡ್ನಿ ನಿಮ್ಮನ್ನ ಜೀವನಪೂರ್ತಿ ಸಾಕಬೇಕಲ್ಲ. ಎಂಬತ್ನಾಲ್ಕಕ್ಕೆ ಇಳಿದು ಬನ್ನಿ," ಎಂದರು. "ಎಷ್ಟು ದಿನ ಬೇಕಾಗುತ್ತೆ ಸಾರ್?" ಎಂದೆ. "ಮನಸ್ಸು ಮಾಡಿದ್ರೆ ಐದು ತಿಂಗಳು. ಅಲ್ಲಿವರೆಗೂ ತಮ್ಮನ್ನ ಡಯಾಲಿಸಿಸ್ ಕಾಯುತ್ತೆ."

ಆ ಸಂಜೆಯೇ ಹೆಂಡತಿ ಎಣ್ಣೆಯ ಡಬ್ಬ ಮೇಲಿನ ಕಪಾಟಿಗೆ ಏರಿಸಿದಳು. ನನ್ನ ತಟ್ಟೆ ಬದಲಾಗಿ ಮಕ್ಕಳ ತಟ್ಟೆ ಬಂತು. ಬೇಯಿಸಿದ ತರಕಾರಿ, ಬೇಳೆ, ಒಂದು ಮೊಟ್ಟೆ. ಹೊಸ ಬೂಟು ಬಂತು. ಬೆಳಿಗ್ಗೆ ಐದೂವರೆಗೆ ಬೂಟಿನ ದಾರ ಕಟ್ಟಿಕೊಂಡು ಹೊರಡುತ್ತಿದ್ದೆ, ಏಳಕ್ಕೆ ಬರುತ್ತಿದ್ದೆ. ತಿಂಗಳು ಕಳೆದು ಯಂತ್ರ ಹತ್ತಿದರೆ ತೊಂಬತ್ತೆಂಟು. ಮತ್ತೊಂದು ತಿಂಗಳು, ತೊಂಬತ್ತೇಳು. ಮೂರನೆಯ ತಿಂಗಳು ತೊಂಬತ್ತೊಂಬತ್ತು! ತೂಕ ನೋಡುವ ನರ್ಸಮ್ಮ ಯಂತ್ರವೇ ಕೆಟ್ಟಿದೆಯೇನೋ ಎಂದು ತಾನೇ ಹತ್ತಿ ನೋಡಿದಳು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದೂ ಸರಿಯಾಗಿತ್ತು. ಹೆಂಡತಿ ತಾನು ಹಾಕುವ ಒಗ್ಗರಣೆಯಲ್ಲೇ ತಪ್ಪಿದೆ ಎಂದುಕೊಂಡು ಅದನ್ನೂ ನಿಲ್ಲಿಸಿದಳು. ಆರು ತಿಂಗಳು ಹೀಗೇ ಹೋಯಿತು.

ಆ ಆರು ತಿಂಗಳೂ ವಾರಕ್ಕೆ ಮೂರು ಸಲ ಚಿಕ್ಕವನು ಡಯಾಲಿಸಿಸ್‌ಗೆ ಹೋಗಿ ನಾಲ್ಕು ನಾಲ್ಕು ಗಂಟೆ ಮಲಗಿ ಬರುತ್ತಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅವನ ಅಂಗಡಿಯ ಬಾಗಿಲು ವಾರದಲ್ಲಿ ಎರಡು ದಿನ ತೆರೆದರೆ ಹೆಚ್ಚು. ಮದುವೆಯ ಗೊಡವೆಗೆ ಹೋಗದೆ ಅಮ್ಮನ ಜೊತೆಯೇ ಉಳಿದವನು, ಎಪ್ಪತ್ತೆಂಟರ ಅಮ್ಮನನ್ನು ನೋಡಿಕೊಳ್ಳಬೇಕಾದವನು. ಈಗ ಅಮ್ಮನೇ ಅವನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವಳು, ಹೊರಗಿನ ಬೆಂಚಿನ ಮೇಲೆ ಉಣ್ಣೆಯ ಚೀಲ ಮಡಿಲಲ್ಲಿಟ್ಟುಕೊಂಡು ಹೆಣೆಯುತ್ತ ಕೂರುವಳು. ಒಂದು ಸಲ ನಾನು ಕೇಳಿದೆ, "ಯಾರಿಗಮ್ಮ ಸ್ವೆಟರು?" "ಅವನಿಗೇ. ಅಳತೆ ಮಾತ್ರ ಹಳೇದಿಟ್ಟಿದ್ದೀನಿ. ಈಗಿನ ಅಳತೆಗೆ ಹಾಕಿದ್ರೆ ಈ ಮೈಯೇ ಖಾಯಂ ಆಗ್ಬಿಡುತ್ತೆ," ಎಂದಳು.

ಆಗಸ್ಟ್ ಹದಿನಾರಕ್ಕೆ ಅಮ್ಮ ಹೋದಳು. ನಿನಗೆ ಬರೆಯುವುದೇನಿದೆ, ನೀನು ಬಂದು ಒಂದು ವಾರ ಇದ್ದು ಹೋದೆ. ಮಧ್ಯಾಹ್ನ ಊಟ ಮಾಡಿ ಗೋಡೆಯ ಕಡೆ ತಿರುಗಿ ಮಲಗಿದವಳು ನಾಲ್ಕು ಗಂಟೆಯ ಟೀಗೆ ಏಳಲಿಲ್ಲ.

ನನ್ನ ನಡಿಗೆ ಶುರುವಾದದ್ದು ಅದರ ಮೇಲೆ, ಅಕ್ಕ. ನೀನು ರೈಲು ಹತ್ತಿದ ಮಾರನೆಯ ಬೆಳಿಗ್ಗೆ ಎದ್ದವನು, ಎಲ್ಲಿಗೆ ಎಂದು ಯೋಚಿಸದೆ ಹೊರಟೆ. ಕಾಲು ನಮ್ಮ ಹಳೆಯ ಬೀದಿಗೆ ಕರೆದುಕೊಂಡು ಹೋಯಿತು. ಮೆಟ್ಟಿಲ ಬೀದಿಯ ಬುಡಕ್ಕೆ! ಇಪ್ಪತ್ತಾರು ವರ್ಷದಿಂದ ಅದರ ಪಕ್ಕದ ರಸ್ತೆಯಲ್ಲೇ ದಿನಕ್ಕೆ ಆರು ಟ್ರಿಪ್ ಬಸ್ ಓಡಿಸಿದ್ದೇನೆ. ಒಂದು ದಿನವೂ ಇಳಿದು ಒಳಗೆ ಹೋಗಿರಲಿಲ್ಲ.

ನೂರ ಹನ್ನೆರಡು ಮೆಟ್ಟಿಲು. ಲೆಕ್ಕ ನಿನ್ನದೇ. ಅಮ್ಮ ಕೆಲಸ ಮಾಡುತ್ತಿದ್ದ ಲಾಂಡ್ರಿ ಬುಡದಲ್ಲಿತ್ತು, ಬಟ್ಟೆ ತಲುಪಿಸುವ ಮನೆಗಳೆಲ್ಲ ತುದಿಯಲ್ಲಿ. ಶಾಲೆಗೆ ಮುಂಚೆ ನಾವು ಮೂವರೂ ಇಸ್ತ್ರಿ ಬಟ್ಟೆಯ ಗಂಟು ಎದೆಗೆ ಅವುಚಿಕೊಂಡು ಹತ್ತಬೇಕಿತ್ತು. ಚಳಿಗಾಲದಲ್ಲಿ ಆ ಗಂಟಿನ ಬಿಸಿ ನೆನಪಿದೆಯಾ? ಗಂಜಿಯ ವಾಸನೆ, ಸ್ವಲ್ಪ ಸುಟ್ಟ ಹತ್ತಿಯ ವಾಸನೆ. ಬಿಸಿ ಆರುವುದರೊಳಗೆ ಮೇಲೆ ತಲುಪಿದರೆ ಆ ದಿನ ಒಳ್ಳೆಯದಾಗುತ್ತೆ ಎಂದು ನೀನೇ ಒಂದು ಕಾನೂನು ಮಾಡಿದ್ದೆ. ಚಿಕ್ಕವನು ಗಂಟು ತಲೆಯ ಮೇಲಿಟ್ಟುಕೊಂಡು ಮೇಕೆಮರಿಯ ಹಾಗೆ ಜಿಗಿದು ಹೋಗುವನು. ನೀನು ಗಟ್ಟಿಯಾಗಿ ಮೆಟ್ಟಿಲು ಎಣಿಸುತ್ತ ನಡುವೆ. ಹಿಂದೆ ನಾನು. ನಲವತ್ತಾಗುವುದರೊಳಗೆ ನನ್ನ ಗಂಟಿನ ಬಿಸಿಯೂ ಆರಿರುತ್ತಿತ್ತು, ನನ್ನ ಉಸಿರೂ ಮುಗಿದಿರುತ್ತಿತ್ತು. ಆಗ ನೀನು ಎಣಿಕೆ ನಿಲ್ಲಿಸಿ, ಏನೋ ಮರೆತವಳ ಹಾಗೆ ಅಲ್ಲೇ ನಿಲ್ಲುತ್ತಿದ್ದೆ. ನನಗಾಗಿ ನಿಂತೆ ಎಂದು ಒಂದು ಸಲವೂ ಹೇಳಲಿಲ್ಲ. ನನಗೆ ಅದು ಗೊತ್ತಾಗುವುದಕ್ಕೆ ಐವತ್ತೊಂದು ವರ್ಷ ತುಂಬಬೇಕಾಯಿತು.

ಲಾಂಡ್ರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೊದಲನೆಯ ದಿನ ಮೂವತ್ತಾರನೆಯ ಮೆಟ್ಟಿಲಿಗೇ ಕೂತುಬಿಟ್ಟೆ. ಮೊಣಕಾಲು ಕಟಕಟ ಎಂದಿತು, ಕಣ್ಣಿಗೆ ಕತ್ತಲೆ. ಅಮ್ಮನನ್ನು ಮಣ್ಣಿಗೆ ಕೊಟ್ಟ ದಿನ ಬಾರದ ಅಳು ಅಲ್ಲಿ ಬಂತು. ಹಾಲು ಹಾಕುವವನೊಬ್ಬ ಪಕ್ಕದಲ್ಲೇ ಸೈಕಲ್ ಹೊತ್ತುಕೊಂಡು ಇಳಿಯುತ್ತಿದ್ದ, "ಆಂಬುಲೆನ್ಸ್ ಕರೀಲಾ ಸಾರ್?" ಎಂದು ಕೇಳಿದ.

ಅಲ್ಲಿಯೇ ಎಂಟು ದಿನದ ಮೇಲೆ ಸಿಕ್ಕವರು ಯಾರು ಹೇಳು ನೋಡೋಣ. ನಮ್ಮ ಸೀಟಿ ಮೇಡಂ! ಶಾಲೆಯಲ್ಲಿ ನಮಗೆಲ್ಲ ಆಟ ಆಡಿಸುತ್ತಿದ್ದವರು. ಎಪ್ಪತ್ತಾರು ವರ್ಷ ಅವರಿಗೀಗ. ಕೂದಲು ಪೂರ್ತಿ ಬಿಳಿ, ಬೆನ್ನು ಮಾತ್ರ ಅದೇ ನೇರ. ಮೆಟ್ಟಿಲು ಇಳಿದು ಬರುತ್ತಿದ್ದವರು ನನ್ನ ಮುಂದೆ ನಿಂತು ಮುಖ ನೋಡಿದರು.

"ನೀನು ಬೂಟು ಕಾಯ್ತಿದ್ದ ಹುಡುಗ ಅಲ್ವೇನೋ?"

ಅಕ್ಕ, ಆ ಪ್ರಶ್ನೆಗೆ ನನ್ನ ಮೈಯೆಲ್ಲ ಹತ್ತು ವರ್ಷದ್ದಾಯಿತು. ಓಟದ ದಿನ ಎಲ್ಲರೂ ಓಡುವರು, ನಾನು ಮೈದಾನದ ಬೇಲಿಯ ಪಕ್ಕ ಅವರೆಲ್ಲರ ಬೂಟು ಕಾಯುತ್ತ ಕೂರುವೆ. ನೀನು ಬರಿಗಾಲಲ್ಲಿ ಓಡಿ ಅಲಾರಾಂ ಗಡಿಯಾರ ಗೆದ್ದ ವರ್ಷ, ನಿನ್ನ ತೂತುಬಿದ್ದ ಬೂಟನ್ನು ನಾನು ಬೇರೆಯವರಿಗೆ ಕಾಣದ ಹಾಗೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. "ಹೌದು ಮೇಡಂ," ಎಂದೆ. "ನಲವತ್ತು ವರ್ಷದಿಂದ ನನಗೊಂದು ಚುಚ್ಚು ಇದೆ ಕಣೋ. ನಿನ್ನನ್ನೂ ಓಡಿಸಬೇಕಿತ್ತು. ಕೊನೇಲಿ ಬಂದ್ರೆ ಬರ್ತಿದ್ದೆ, ಏನೀಗ? ನಡಿ, ಏಳು," ಎಂದರು.

ಅವತ್ತಿನಿಂದ ದಿನಾ ಅವರ ಜೊತೆ. ಅವರು ಹೇಳಿಕೊಟ್ಟದ್ದು ಇಷ್ಟೇ, ನಿನಗೂ ಬರೆಯುತ್ತೇನೆ. ಮಾತಾಡಲು ಆಗುವಷ್ಟು ವೇಗದಲ್ಲಿ ನಡೆ, ಹಾಡಲು ಆಗುವಷ್ಟು ನಿಧಾನ ಬೇಡ. ಮೊಣಕಾಲು ನೊಂದರೆ ಅವತ್ತು ಮೆಟ್ಟಿಲು ಬಿಡು, ನಡಿಗೆ ಬಿಡಬೇಡ. ಹಸಿವಾದಾಗ ತಿನ್ನು, ಬೇಸರವಾದಾಗ ತಿನ್ನಬೇಡ. ಆ ಕೊನೆಯದು ಬಹಳ ಕಷ್ಟ. ನಮ್ಮಂಥವರಿಗೆ ಬೇಸರವೂ ಹಸಿವಿನ ವೇಷ ಹಾಕಿಕೊಂಡೇ ಬರುತ್ತದೆ. ಒಮ್ಮೆ ನಾನು, "ವಯಸ್ಸಾಯ್ತು ಮೇಡಂ, ಈಗೆಲ್ಲಿ ಇಳಿಯುತ್ತೆ," ಎಂದದ್ದಕ್ಕೆ, "ನನ್ನ ಮುಂದೆ ವಯಸ್ಸಿನ ಮಾತಾಡ್ತೀಯಾ? ಕಿವಿ ಹಿಂಡ್ತೀನಿ," ಎಂದರು. ಹಿಂಡಿಯೇಬಿಟ್ಟರು. ಐವತ್ತೊಂದರ ಗಂಡಸು, ಬೀದಿಯಲ್ಲಿ, ಯೂನಿಫಾರ್ಮಿನಲ್ಲಿ!

ಡಿಪೋದಲ್ಲಿಯೂ ಬದಲಾದೆ. ಟ್ರಿಪ್ಪಿನ ನಡುವೆ ಸಿಗುವ ಹನ್ನೆರಡು ನಿಮಿಷ ಕ್ಯಾಂಟೀನಿಗೆ ಹೋಗುವ ಬದಲು ಬಸ್ಸಿನ ಸುತ್ತ ನಡೆದೆ. ಮೊದಮೊದಲು ಎಲ್ಲರೂ ನಕ್ಕರು. "ಪ್ರದಕ್ಷಿಣೆ ಹಾಕಿದ್ರೆ ಬಸ್ಸು ವರ ಕೊಡುತ್ತಾ ಅಣ್ಣಾ?" ಎಂದ ಕಂಡಕ್ಟರ್. ತಿಂಗಳು ಕಳೆಯುವುದರಲ್ಲಿ ಅವನೂ ಹಿಂದೆ ಸುತ್ತುತ್ತಿದ್ದ. ಸೆಪ್ಟೆಂಬರಿನಲ್ಲಿ ತೊಂಬತ್ತೈದು. ಅಕ್ಟೋಬರಿನಲ್ಲಿ ತೊಂಬತ್ತೊಂದು. ನವೆಂಬರಿನಲ್ಲಿ ಎಂಬತ್ತೆಂಟಕ್ಕೆ ಬಂದು ಹದಿನೆಂಟು ದಿನ ಎತ್ತಿನ ಹಾಗೆ ಮೊಂಡು ಹಿಡಿದು ನಿಂತಿತು. ಆಗ ಮೇಡಂ, "ಮೈಗೆ ಸ್ವಲ್ಪ ಯೋಚನೆ ಮಾಡೋಕೆ ಬಿಡು, ಅದಕ್ಕೂ ಇದು ಹೊಸದು," ಎಂದರು. ಡಿಸೆಂಬರ್ ಕೊನೆಗೆ ಎಂಬತ್ತನಾಲ್ಕು. ಕೊನೆಯ ರಂಧ್ರವೂ ಸಡಿಲವಾದ ಬೆಲ್ಟಿಗೆ ಮೊಳೆ ಕಾಯಿಸಿ ಮೂರು ಹೊಸ ತೂತು ಹಾಕಿದೆ.

ಜನ ಎಲ್ಲ ಒಂದೇ ಮಾತು ಹೇಳಿದರು: 'ತಾಯಿ ಹೋದ ಕೊರಗಿಗೆ ಮೈ ಕರಗಿತು.' ನಾನು ತಲೆಯಾಡಿಸಿದೆ.

ಜನವರಿ ಒಂಬತ್ತಕ್ಕೆ ಆಪರೇಷನ್ ಆಯಿತು. ಭಾವನವರು ಬಿದ್ದು ಹಾಸಿಗೆ ಹಿಡಿದ ಹೊತ್ತು ಅದು, ನಿನಗೆ ಬರಲಾಗಲಿಲ್ಲ ಎಂದು ಕಾಗದದಲ್ಲಿ ಎಷ್ಟು ನೊಂದುಕೊಂಡಿದ್ದೀಯ. ಬಿಡು ಅದನ್ನು. ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿ ಇಟ್ಟಂತಿತ್ತು. ಹೆಂಡತಿ ಕಿವಿಯ ಹತ್ತಿರ ಬಗ್ಗಿ, "ಕೆಲಸ ಶುರು ಮಾಡಿದೆಯಂತೆ," ಎಂದಳು. ಯಾವುದು ಎಂದು ಕೇಳುವಷ್ಟರಲ್ಲಿ ಮತ್ತೆ ನಿದ್ದೆ ಬಂತು. ನಾಲ್ಕನೆಯ ದಿನ ಚಿಕ್ಕವನ ಕೋಣೆಗೆ ಗೋಡೆ ಹಿಡಿದು ನಡೆದು ಹೋದೆ. ಒಳಗೆ ಬಿಡಲಿಲ್ಲ, ಗಾಜಿನಿಂದ ನೋಡಿದೆ. ಅವನು ಕೈಯೆತ್ತಿ ಎರಡು ಬೆರಳಿನಲ್ಲಿ ಸೂಜಿಗೆ ದಾರ ಪೋಣಿಸುವ ಹಾಗೆ ಮಾಡಿ ತೋರಿಸಿದ. ಅವನ ಬೆರಳು ನಡುಗುತ್ತಿರಲಿಲ್ಲ, ಅದನ್ನೇ ತೋರಿಸಿದ್ದು.

ಈಗ ಇಬ್ಬರೂ ಚೆನ್ನಾಗಿದ್ದೇವೆ. ಏಪ್ರಿಲ್‌ನಿಂದ ನಾನು ಮತ್ತೆ ಬಸ್ ಹತ್ತಿದೆ. ಅವನ ಅಂಗಡಿ ವಾರದಲ್ಲಿ ಐದು ದಿನ ತೆರೆಯುತ್ತದೆ. ಮಾತ್ರೆಗಳ ದೆಸೆಯಿಂದ ಅವನ ಮುಖ ದುಂಡಗಾಗಿದೆ, ನನ್ನದು ಚಪ್ಪಟೆಯಾಗಿದೆ. ಗುರುತಿನವರು ಬೀದಿಯಲ್ಲಿ ಅವನನ್ನು ನಾನೆಂದು ಮಾತಾಡಿಸುತ್ತಾರೆ. ಬೆಳಿಗ್ಗೆ ಅವನೂ ನನ್ನ ಜೊತೆ ಬರುತ್ತಾನೆ. ಮೆಟ್ಟಿಲು ನಿಧಾನವಾಗಿ ಹತ್ತುತ್ತೇವೆ. ಈಗ ಹಿಂದೆ ಉಳಿಯುವವನು ಅವನು.

ಹೋದ ಭಾನುವಾರ ತುದಿ ತಲುಪಿ ಕಟ್ಟೆಯ ಮೇಲೆ ಕೂತೆವು. ಕೆಳಗೆ ಊರೆಲ್ಲ ಕಾಣುತ್ತಿತ್ತು. ಅವನು ಅದನ್ನು ನೋಡುತ್ತ, "ಅಣ್ಣಾ, ನಂಗೆ ಒಂದೇ ಒಂದು ಕೊರಗು. ನಾನು ಎದ್ದು ನಡೆಯೋದನ್ನ ಅಮ್ಮ ನೋಡ್ಬೇಕಿತ್ತು. ಸಾಯೋವಾಗ ಅವಳ ಕಣ್ಣಿಗೆ ನಾನು ಆ ಸೂಜಿ, ಆ ಟ್ಯೂಬು," ಎಂದ. "ಬಿಸಿಲು ಬಂತು, ಇಳಿಯೋಣ ನಡಿ," ಎಂದೆ.

ನೀನೂ ನಡೆ, ಅಕ್ಕ. ಭಾವನವರ ಕೋಲಿನ ವೇಗಕ್ಕೆ ನಿನ್ನ ಹೆಜ್ಜೆ ಹೊಂದಿಸಿಕೊಂಡು ಮೊದಲು ಬೀದಿಯ ಕೊನೆಯವರೆಗೆ, ಆಮೇಲೆ ಮುಂದಿನ ಬೀದಿಗೆ. ಓಡಿ ಗೆದ್ದ ಕಾಲು ಅದು, ಮರೆತಿರುವುದಿಲ್ಲ. ನಿನ್ನ ಮೊಮ್ಮಗಳಿಗೆ ನಾನು ಬಸ್ಸಿನ ಮುಂದೆ ನಿಂತಿರುವ ಫೋಟೋ ಇಟ್ಟಿದ್ದೇನೆ. ಅವಳಿಗೆ ಈ ಸಣ್ಣಜ್ಜನ ಆಶೀರ್ವಾದ. ನೂರು ವರ್ಷ ಬಾಳಲಿ, ಆಟದ ದಿನ ಯಾರ ಬೂಟನ್ನೂ ಕಾಯದಿರಲಿ. ನನ್ನ ತಲೆಯ ಮೇಲೆ ನಿನ್ನ ಕೈ ಹೀಗೇ ಇರಲಿ.

ನಿನ್ನ
ಡ್ರಮ್ಮು

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಇದನ್ನು ಬರೆಯಲಾಗದೆಯೇ ನಾಲ್ಕು ತಿಂಗಳು ಹೋಯಿತು. 'ಅಪ್ಪ ಇಲ್ಲದ ಮನೆಗೆ ನೀನು ಅಪ್ಪನಾದೆ' ಎಂದು ನಿನ್ನ ಕಾಗದದಲ್ಲಿದೆ. ಅದನ್ನು ಓದಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಮೊದಲ ಆರು ತಿಂಗಳು ನಾನು ನಡೆಯಲೇ ಇಲ್ಲ. ಬೂಟು ಕಟ್ಟಿಕೊಂಡು ಹೊರಟು, ಡಿಪೋ ಹಿಂದಿನ ಬೇಕರಿಯಲ್ಲಿ ಕೂರುತ್ತಿದ್ದೆ. ಬೆಣ್ಣೆ ಹಚ್ಚಿದ ಬನ್ನು, ಸಕ್ಕರೆ ಪುಡಿ ಉದುರಿಸಿದ ಕೇಕು. ಹಸಿವಿಗಲ್ಲ, ಚಪಲಕ್ಕೂ ಅಲ್ಲ. ತೂಕ ಇಳಿಯಬಾರದು ಎಂದು ತಿನ್ನುತ್ತಿದ್ದೆ. ಡಾಕ್ಟರು ನನ್ನ ಪಕ್ಕೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ಇಲ್ಲಿಂದ ಇಲ್ಲಿವರೆಗೆ ಎಂದಿದ್ದರು. ಹೊಟ್ಟೆನೋವು ಎಂದು ನಡೆದುಕೊಂಡು ಆಸ್ಪತ್ರೆಗೆ ಹೋದ ಅಪ್ಪ, ಆಪರೇಷನ್ ಕೋಣೆಯ ಬಾಗಿಲಲ್ಲಿ ನನಗೆ ಅವರ ಚಪ್ಪಲಿ ಕೊಟ್ಟು ಒಳಗೆ ಹೋದವರು, ಹೊರಗೆ ಬರಲಿಲ್ಲವಲ್ಲ. ನನಗಾಗ ಒಂಬತ್ತು ವರ್ಷ. ಹೆದರಿದೆ ಅಕ್ಕ. ಆಗುವುದಿಲ್ಲ ಎಂದು ನನ್ನ ಬಾಯಿಂದ ಹೇಳಲು ಧೈರ್ಯವಿಲ್ಲದೆ ಯಂತ್ರದ ಬಾಯಿಂದ ಹೇಳಿಸಿದೆ.

ಇಳಿಸಲು ಬೇಕಾದದ್ದು ಐದೇ ತಿಂಗಳು. ಫೆಬ್ರವರಿಯಲ್ಲೇ ಶುರು ಮಾಡಿದ್ದರೆ ಜುಲೈಯಲ್ಲಿ ಆಪರೇಷನ್ ಆಗಿ, ಆಗಸ್ಟಿಗೆ ಅವನು ಅಮ್ಮನ ಕಣ್ಣೆದುರು ಮನೆಯಲ್ಲಿ ಓಡಾಡುತ್ತಿದ್ದ. ಅವನು ಅಮ್ಮ ನೋಡಬೇಕಿತ್ತು ಎನ್ನುತ್ತಾನೆ. ನೋಡದಂತೆ ಮಾಡಿದವನು ನಾನು.

ಅವಳು ಹೋಗುವ ಹಿಂದಿನ ಭಾನುವಾರ ಬೇಕರಿಯಿಂದ ನೇರ ಅವಳ ಹತ್ತಿರ ಹೋಗಿದ್ದೆ. "ಎಷ್ಟಾಯ್ತೋ?" ಎಂದಳು. "ಇಳೀತಾನೇ ಇಲ್ಲಮ್ಮ," ಎಂದೆ. ನನ್ನ ಅಂಗಿಯ ಎದೆಯ ಮೇಲೆ ಸಕ್ಕರೆ ಪುಡಿ ಬಿದ್ದಿತ್ತು. ಅದನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು, ಎರಡು ಸಲ. ಆಮೇಲೆ, "ಬೇಜಾರು ಮಾಡ್ಕೋಬೇಡ ಮಗನೇ. ಹೆದರಿದ ಮೈ ಬೇಗ ಇಳಿಯಲ್ಲ," ಎಂದಳು.

ಅವಳಿಗೆ ಗೊತ್ತಿತ್ತು, ಅಕ್ಕ. ಗೊತ್ತಿದ್ದೂ ಬೈಯಲಿಲ್ಲ. ಚಿಕ್ಕವನಿಗೂ ನಾನೇ ಹೇಳುತ್ತೇನೆ, ಈ ವಾರವೇ. ಅವನ ಮುಖ ನೋಡುವ ಮೊದಲು ನಿನಗೆ ಹೇಳಬೇಕಿತ್ತು. ಅಮ್ಮ ಬೈಯದೆ ಬಿಟ್ಟದ್ದನ್ನೆಲ್ಲ ನೀನು ಬೈದು ಬರೆ. ಬರೆಯದೆ ಮಾತ್ರ ಇರಬೇಡ.